ಪರದೇಶದ ಪೇಟೆಂಟೂ ಕೋಲಾರದ ಜ್ಞಾನವೂ

ಒಂದು ರಾಷ್ಟ್ರದ ಆವಿಷ್ಕಾರಶಕ್ತಿಯನ್ನು ಅರಿಯಲು, ಆ ರಾಷ್ಟ್ರದ ಜನರು ಅನ್ಯದೇಶಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಪಡೆದಿರುವ ಪೇಟೆಂಟುಗಳನ್ನು ಎಣಿಸುವ ಪದ್ಧತಿ ಅರ್ಥಶಾಸ್ತ್ರಜ್ಞರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸ್ವದೇಶದ ಪೇಟೆಂಟು ಕೆಲವೆಡೆ ಸುಲಭಸಾಧ್ಯ, ಕೆಲವೆಡೆ ದುರ್ಲಭ. ಆದರೆ ವಕೀಲರ ಶುಲ್ಕವನ್ನೂ ಭಾಷಾಂತರದ ವೆಚ್ಚವನ್ನೂ ನವೀಕರಣದ ಹಣವನ್ನೂ ತೆತ್ತು ಪರದೇಶದಲ್ಲಿ ಹಕ್ಕನ್ನು ಸಂಪಾದಿಸುವವನು ತನ್ನ ಶೋಧಕ್ಕೆ ಬೆಲೆಯುಂಟೆಂದು ನಂಬಿದವನೇ ಆಗಿರಬೇಕು, ಮತ್ತು ಒಂದೇ ಕಚೇರಿಯ ಪರೀಕ್ಷೆಗೆ ಒಳಪಟ್ಟ ನಾನಾ ದೇಶದವರನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು ಎಂಬುದು ಇದರ ಹಿಂದಿರುವ ತರ್ಕ.

ಈ ತರ್ಕದಲ್ಲಿ ಸತ್ಯಾಂಶವುಂಟೆಂಬುದಕ್ಕೆ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ. 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕ್‌ಆರ್ಥರನೂ ಫಾರೆಸ್ಟ್ ಸೋದರರೂ ಕೂಡಿ ಸೈನೈಡ್ ವಿಧಾನಕ್ಕೆ ಪೇಟೆಂಟು ಮಾಡಿಸಿದರು. ಪುಡಿಮಾಡಿದ ಅದಿರಿನ ಮೇಲೆ ಸೈನೈಡಿನ ತೆಳುದ್ರಾವಣವನ್ನು ಹರಿಯಗೊಟ್ಟರೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚಿನ್ನವೂ ಅದರಲ್ಲಿ ಕರಗಿ ಇಳಿಯುತ್ತದೆ. ಆ ದ್ರಾವಣವನ್ನು ಸತುವಿನ ಚೂರುಗಳ ನಡುವೆ ಹಾಯಿಸಿದರೆ ಚಿನ್ನವು ಕಪ್ಪು ಕೆಸರಾಗಿ ಬೇರ್ಪಡುತ್ತದೆ. ಟ್ರಾನ್ಸ್‌ವಾಲಿನ ಗಣಿಯೊಡೆಯರು ರಾಯಧನ ತೆರಲೊಲ್ಲದೆ ನ್ಯಾಯಾಲಯಕ್ಕೆ ಹೋಗಿ 1896ರಲ್ಲಿ ಅಲ್ಲಿಯ ಹಕ್ಕನ್ನು ರದ್ದುಪಡಿಸಿದರೆಂದರೆ, ಆ ಪೇಟೆಂಟಿನ ಮೌಲ್ಯಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಕೆ.ಜಿ.ಎಫ್.ನಲ್ಲಿ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು ಆ ವಿಧಾನದ ಶೇಷಗಳೇ.

ಆದರೆ ಎಣಿಕೆಯು ಶಾಸ್ತ್ರವಾಗಿ ಬೆಳೆದುದು ಬಹಳ ತಡವಾಗಿ. 1959ರಲ್ಲಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರು ಭಾರತದ ಪೇಟೆಂಟುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುಪಾಲು ವಿದೇಶೀಯರವೆಂದೂ ಅಂಥವುಗಳಲ್ಲಿ ಹೆಚ್ಚಿನವು ಇಲ್ಲಿ ಕಾರ್ಯರೂಪಕ್ಕೇ ಬಂದಿಲ್ಲವೆಂದೂ ತೋರಿಸಿದರು. 1970ರ ನಮ್ಮ ಕಾಯಿದೆ ಆ ವರದಿಯ ಫಲ. ಪೇಟೆಂಟು ಇದ್ದಲ್ಲಿ ಉದ್ಯಮವಿರಬೇಕೆಂದಿಲ್ಲ ಎಂಬ ಈ ಕಾಣ್ಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ. 1966ರಲ್ಲಿ ಅರ್ಥಶಾಸ್ತ್ರಜ್ಞ ಜೇಕಬ್ ಶ್ಮೂಕ್ಲರನು ಆವಿಷ್ಕಾರವು ಬೇಡಿಕೆಯನ್ನು ಅನುಸರಿಸುತ್ತದೆಂದು ಪೇಟೆಂಟುಗಳ ಆಧಾರದಿಂದಲೇ ಪ್ರತಿಪಾದಿಸಿದನು. ಅನಂತರ ಸಸೆಕ್ಸಿನ ಕೀತ್ ಪ್ಯಾವಿಟ್, ಲುಕ್ ಸೂಟ್ ಮೊದಲಾದವರು ಅಮೆರಿಕದ ಪೇಟೆಂಟನ್ನು ದೇಶದೇಶಗಳ ತುಲನೆಗೆ ಸಾಧನ ಮಾಡಿಕೊಂಡರು. 1990ರಲ್ಲಿ ಟ್ರಾಯ್ಟೆನ್‌ಬರ್ಗನು, ಬರಿಯ ಸಂಖ್ಯೆಗಿಂತ ಮುಂದಿನ ಪೇಟೆಂಟುಗಳಲ್ಲಿ ಒಂದು ಪೇಟೆಂಟು ಎಷ್ಟು ಬಾರಿ ಉಲ್ಲೇಖಗೊಂಡಿತೆಂಬುದೇ ಅದರ ಯೋಗ್ಯತೆಯ ಸೂಚಕವೆಂದನು. 2002ರಲ್ಲಿ ಫರ್ಮನ್, ಪೋರ್ಟರ್, ಸ್ಟರ್ನ್ ಎಂಬ ಮೂವರು ರಾಷ್ಟ್ರಗಳ ಆವಿಷ್ಕಾರಸಾಮರ್ಥ್ಯವನ್ನೇ ಈ ಅಳತೆಯಿಂದ ವಿವೇಚಿಸಿದರು.

ಇಷ್ಟಾದರೂ ಅಳತೆಯ ಹೊರಗೆ ಉಳಿಯುವುದು ಅಲ್ಪವಲ್ಲ. 1851ರ ಲಂಡನ್ ಪ್ರದರ್ಶನದ ವಸ್ತುಗಳನ್ನು ಪರಿಶೀಲಿಸಿದ ಪೆಟ್ರಾ ಮೋಸರ್, ಅವುಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲವೆಂದು ತೋರಿಸಿದ್ದಾರೆ. 1965ರಲ್ಲಿ ಕೋಲಾರದ ಗಣಿಯೊಳಗೆ, 2 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಒಸಾಕಾ ಮತ್ತು ಡರ್ಹಮಿನ ವಿಜ್ಞಾನಿಗಳೊಡನೆ ಕೂಡಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಪ್ರಕೃತಿಯ ಸತ್ಯಕ್ಕೆ ಯಾರೂ ಪೇಟೆಂಟು ಪಡೆಯಲಾರರಾದ್ದರಿಂದ ಆ ಮಹಾಶೋಧಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಸಿಕಟ್ಟುವವನ ಕೈಚಳಕಕ್ಕೂ, ಬೆಂಕಿಯ ಬಣ್ಣ ನೋಡಿಯೇ ಉರಿಯ ಹದ ತಿಳಿಯುವ ಮಾಲೂರಿನ ಇಟ್ಟಿಗೆ ಗೂಡಿನವನ ಅನುಭವಕ್ಕೂ ಇಲ್ಲ. ಹಿಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಖಡಕ್‌ವಾಸ್ಲಾ ಜಲಾಶಯಕ್ಕಾಗಿ ರೂಪಿಸಿ ಪೇಟೆಂಟು ಮಾಡಿಸಿದ ಸ್ವಯಂಚಾಲಿತ ಬಾಗಿಲುಗಳ ಬೆಲೆಯನ್ನು ಕೃಷ್ಣರಾಜಸಾಗರದಂಥ ಕಟ್ಟೆಗಳ ಬಳಿ ಅಳೆಯಬೇಕೇ ಹೊರತು ಅಮೆರಿಕದ ಕಚೇರಿಯಲ್ಲಲ್ಲ.

ಇನ್ನೂ ಸೂಕ್ಷ್ಮವಾದ ತೊಡಕೊಂದುಂಟು. ಅಮೆರಿಕದ ಅಂಕಿಅಂಶಗಳು ಪೇಟೆಂಟನ್ನು ಮೊದಲ ಹೆಸರಿನ ಶೋಧಕನ ವಾಸಸ್ಥಳದ ಲೆಕ್ಕಕ್ಕೆ ಬರೆಯುವುವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ತರುವಾಯ ವಿದೇಶೀ ಕಂಪನಿಗಳಿಗಾಗಿ ದುಡಿಯುವ ನಮ್ಮ ಎಂಜಿನಿಯರರ ಶೋಧಗಳು ಭಾರತದ ಸಂಖ್ಯೆಯನ್ನು ಹೆಚ್ಚಿಸುತ್ತಿವೆ. ಸ್ವಾಮ್ಯವೂ ಲಾಭವೂ ಮಾತ್ರ ಅನ್ಯರವು. ಆದುದರಿಂದ ಶೋಧಕನ ಲೆಕ್ಕ, ಒಡೆಯನ ಲೆಕ್ಕ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟಲ್ಲದೆ ಯಾವ ದೇಶದ ಬಗೆಗೂ ತೀರ್ಪು ಕೊಡಲಾಗದೆಂದು ನನ್ನ ಅಭಿಪ್ರಾಯ. ಕೋಲಾರದ ಬಳಿಯ ನರಸಾಪುರದಲ್ಲಿ ಜೋಡಣೆಗೊಂಡು ಹೊರಡುವ ಐಫೋನು ಭಾರತದ ರಫ್ತಿನ ಪಟ್ಟಿಯನ್ನು ಸೇರುತ್ತದೆ, ಅದರ ಪೇಟೆಂಟುಗಳು ಹೊರದೇಶದ ಕಂಪನಿಗಳ ಕೈಯಲ್ಲಿವೆ; ಅದನ್ನು ಜೋಡಿಸುವ ಕೋಲಾರದ ಯುವತಿಯೊಬ್ಬಳು ಕೆಲಸವನ್ನು ಹಗುರಗೊಳಿಸುವ ಉಪಾಯವೊಂದನ್ನು ಕಂಡುಕೊಂಡರೆ, ಅದನ್ನು ಬರೆದಿಡುವ ಪುಸ್ತಕವು ಇವೆರಡರಲ್ಲಿ ಯಾವುದೂ ಅಲ್ಲ.