ವರ್ಣನೆಯಲ್ಲಿ ಸ್ಥಳಕ್ರಮ

ಊರು, ಮನೆ, ಗುಡಿ, ಹೊಲ ಅಥವಾ ಮುಖವನ್ನು ಮಾತಿನಲ್ಲಿ ಚಿತ್ರಿಸುವಾಗ ಅದರ ಭಾಗಗಳನ್ನು ಅವು ಇರುವ ಜಾಗದ ಸಾಲಿನಲ್ಲೇ ಹೇಳುತ್ತ ಹೋಗುವ ಪದ್ಧತಿ. ಹೊರಗಿನಿಂದ ಒಳಕ್ಕೆ, ಅಡಿಯಿಂದ ಮುಡಿಗೆ, ಎಡದಿಂದ ಬಲಕ್ಕೆ, ದೂರದಿಂದ ಹತ್ತಿರಕ್ಕೆ, ಮೂಡಲಿಂದ ತೆಂಕಲಿಗೆ ಸಾಗುವುದು ಇದರ ಬಳಕೆಯ ದಾರಿಗಳು. ಕಥೆ ಹೇಳುವವನಿಗೆ ಮೊದಲು ನಡೆದದ್ದನ್ನು ಮೊದಲು ಹೇಳುವ ಅನುಕೂಲವಿದೆ. ವರ್ಣಿಸುವವನಿಗೆ ಆ ಆಸರೆ ಇಲ್ಲ. ಗುಡಿಯ ಕಂಬ, ಬಾಗಿಲು, ಶಿಖರ ಎಲ್ಲವೂ ಒಂದೇ ಹೊತ್ತಿಗೆ ಎದುರು ನಿಂತಿರುತ್ತವೆ, ಮಾತು ಮಾತ್ರ ಒಂದರ ಹಿಂದೆ ಒಂದು ಬರಬೇಕು. ಎಲ್ಲಿಂದ ತೊಡಗಬೇಕು, ಯಾವ ಕಡೆಗೆ ಹೋಗಬೇಕು ಎಂಬುದಕ್ಕೆ ಬೇರೆ ಬೇರೆ ಕಾಲದವರು ಕಂಡುಕೊಂಡ ಉತ್ತರಗಳೇ ಈ ವಿಷಯದ ಚರಿತ್ರೆ. ಆ ಉತ್ತರಗಳಲ್ಲಿ ಎರಡು ಮನೋಧರ್ಮಗಳು ಮತ್ತೆ ಮತ್ತೆ ಎದುರಾಗುತ್ತವೆ: ನಡೆದು ಹೇಳುವುದು ಒಂದು, ನಿಂತು ನೋಡಿ ಹೇಳುವುದು ಇನ್ನೊಂದು.

ಕನ್ನಡ ನಾಡಿನಲ್ಲಿ ಇದರ ಬೇರು ಕಾವ್ಯದಲ್ಲಷ್ಟೇ ಅಲ್ಲ, ಹೊಲದ ಬದುವಿನಲ್ಲೂ ಇದೆ. ಭೂದಾನದ ತಾಮ್ರಶಾಸನಗಳಲ್ಲಿ ಅರಸನ ವಂಶದ ಹೊಗಳಿಕೆ ಸಂಸ್ಕೃತದಲ್ಲಿದ್ದರೂ ದತ್ತಿಭೂಮಿಯ ಎಲ್ಲೆಯನ್ನು ಹೇಳುವ ಭಾಗಕ್ಕೆ ಬಂದಾಗ ಭಾಷೆ ಕನ್ನಡಕ್ಕೆ ತಿರುಗುವುದು ಅನೇಕ ಕಡೆ ಕಾಣುತ್ತದೆ. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಡೆದೀತು, ಎಲ್ಲೆ ಮಾತ್ರ ಊರವರಿಗೆ ತಿಳಿಯಲೇಬೇಕು. ಮೂಡಲಲ್ಲಿ ನಟ್ಟ ಕಲ್ಲು, ಅಲ್ಲಿಂದ ತೆಂಕಲಿಗೆ ಹುಣಸೆಮರ, ಮುಂದೆ ಹುತ್ತ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ಮೊರಡಿ, ತಿರುಗಿ ಅದೇ ನಟ್ಟ ಕಲ್ಲು ಎನ್ನುವುದು ಇಂಥ ಚತುಸ್ಸೀಮೆಯ ಮಾದರಿ. ಸೂರ್ಯ ಹುಟ್ಟುವ ದಿಕ್ಕಿನಿಂದ ಹೊರಟು ಪ್ರದಕ್ಷಿಣೆಯಾಗಿ ಸುತ್ತುವ ಈ ಬರವಣಿಗೆಯನ್ನು ಓದುತ್ತಿದ್ದರೆ, ಊರಿನ ಹಿರಿಯರು ಗಡಿಯುದ್ದಕ್ಕೂ ನಡೆಯುತ್ತ ಹೇಳಿದ್ದನ್ನು ಬರೆಯುವವನು ಹಿಂದೆಯೇ ಬರೆದುಕೊಂಡು ಹೋದಂತೆ ಕಾಣುತ್ತದೆ. ಬಸದಿಯ ಭೂಮಿಗೆ ಮುಕ್ಕೊಡೆ ಕಲ್ಲು, ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು ನೆಡುತ್ತಿದ್ದುದರಿಂದ ವರ್ಣನೆಯ ಒಂದೊಂದು ಮಾತನ್ನೂ ಕೈಯಿಟ್ಟು ಮುಟ್ಟಿ ನೋಡಬಹುದಾಗಿತ್ತು. ಮಾತಿನಲ್ಲಿ ಕ್ರಮ ತಪ್ಪಿದರೆ ಹೊಲವೇ ಕೈತಪ್ಪುವ ಜಾಗ ಅದು. ಇಷ್ಟು ಹೊಣೆ ಹೊತ್ತ ವರ್ಣನಾ ಗದ್ಯ ಕನ್ನಡದಲ್ಲಿ ಬೇರೆ ಇಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳು ಇದನ್ನು ಹೆಚ್ಚು ಗಮನಿಸದೆ ಬಿಟ್ಟದ್ದು ದೊಡ್ಡ ನಷ್ಟ.

ಈ ಪರಂಪರೆ ಇನ್ನೂ ನಿಂತಿಲ್ಲ. ಇಂದಿನ ಕ್ರಯಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿ ಅದರ ಮೊಮ್ಮಗು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥ ನಂಬರಿನ ನಿವೇಶನ ಎಂದು ನಾಲ್ಕೇ ಸಾಲು. ಆದರೆ ನಡುವೆ ಒಂದು ಬದಲಾವಣೆ ಆಗಿದೆ. ಶಾಸನ ಮೂಡಲಿಂದ ತೆಂಕಲಿಗೆ ಹೊರಳುತ್ತಿತ್ತು, ಏಕೆಂದರೆ ನಡೆಯುವವನ ಕಾಲು ಹಾಗೆ ಹೊರಳುತ್ತದೆ. ಕ್ರಯಪತ್ರ ಸಾಮಾನ್ಯವಾಗಿ ಪೂರ್ವವಾದ ಮೇಲೆ ಎದುರಿನ ಪಶ್ಚಿಮಕ್ಕೆ ನೆಗೆಯುತ್ತದೆ, ಆಮೇಲೆ ಉತ್ತರದಿಂದ ದಕ್ಷಿಣಕ್ಕೆ. ಹಾಗೆ ಯಾರೂ ನಡೆಯಲಾರರು. ಅದು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡವನ ಕಣ್ಣಿನ ಕ್ರಮ.

ಕಾವ್ಯಶಾಸ್ತ್ರ ಈ ವಿಷಯದಲ್ಲಿ ಅಚ್ಚರಿ ಹುಟ್ಟಿಸುವಷ್ಟು ಮೌನವಾಗಿದೆ. ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ವರ್ಣನೆ ಇರಬೇಕೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಪಟ್ಟಿ ಕೊಟ್ಟ. ಕನ್ನಡದಲ್ಲಿ ಅದು ಅಷ್ಟಾದಶ ವರ್ಣನೆ ಎಂದು ನೆಲೆಗೊಂಡಿತು. ಏನನ್ನು ವರ್ಣಿಸಬೇಕು ಎಂಬುದು ಅಲ್ಲಿದೆ, ಯಾವ ಸಾಲಿನಲ್ಲಿ ಎಂಬುದು ಇಲ್ಲ. ಆದರೆ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’ವೇ (ಸು. 850) ಕನ್ನಡ ನಾಡನ್ನು ತೋರಿಸುವಾಗ ಸೊಗಸಾದ ಸ್ಥಳಕ್ರಮವನ್ನು ಹಿಡಿಯುತ್ತದೆ. ಮೊದಲು ಹೊರಗಿನ ಗೆರೆಯಾಗಿ ಕಾವೇರಿ ಮತ್ತು ಗೋದಾವರಿ, ಆಮೇಲೆ ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ತಿರುಳುಗನ್ನಡದ ಸೀಮೆ. ಎರಡು ನದಿಗಳ ನಡುವೆ ಒಂದು ನಾಡು, ಆ ನಾಡಿನ ನಡುವೆ ಒಂದು ಭಾಷೆಯ ಗರ್ಭಗುಡಿ.

ಶಾಸ್ತ್ರ ಕ್ರಮವನ್ನು ಸ್ಪಷ್ಟವಾಗಿ ಕಟ್ಟುಮಾಡಿದ್ದು ದೇಹದ ವರ್ಣನೆಯಲ್ಲಿ. ಮನುಷ್ಯರನ್ನು ತಲೆಯಿಂದ, ದೇವತೆಗಳನ್ನು ಪಾದದಿಂದ ವರ್ಣಿಸಬೇಕೆಂಬ ನಿಯಮವನ್ನು ವ್ಯಾಖ್ಯಾನಕಾರ ಮಲ್ಲಿನಾಥ ‘ಕುಮಾರಸಂಭವ’ದ ಮೊದಲ ಸರ್ಗದ ಸಂದರ್ಭದಲ್ಲಿ ನೆನಪಿಸುತ್ತಾನೆ. ಅಲ್ಲಿ ಕಾಳಿದಾಸ ಪಾರ್ವತಿಯ ಕಾಲಿನ ಉಗುರಿನಿಂದ ತೊಡಗಿ ಮೇಲೇರುತ್ತಾನೆ. ‘ಭಾಗವತ’ದ ಎರಡನೆಯ ಸ್ಕಂಧ ಹೇಳಿಕೊಡುವ ವಿಷ್ಣುಧ್ಯಾನವೂ ಪಾದದಿಂದ ಹೊರಟು ಒಂದೊಂದೇ ಅಂಗವನ್ನು ದಾಟಿ ಮುಗುಳ್ನಗೆಯನ್ನು ಮುಟ್ಟುತ್ತದೆ. ಇದರ ಕಾರಣ ಹುಡುಕಲು ಗ್ರಂಥ ಬೇಕಿಲ್ಲ. ಗರ್ಭಗುಡಿಯ ಎದುರು ಅಡ್ಡಬಿದ್ದವನಿಗೆ ತಲೆ ಎತ್ತುವಾಗ ಮೊದಲು ಕಾಣುವುದು ಪಾದವೇ. ಸ್ಥಳಕ್ರಮ ವಸ್ತುವಿನ ಆಕಾರವನ್ನಷ್ಟೇ ಹೇಳುವುದಿಲ್ಲ, ನೋಡುವವನು ಎಲ್ಲಿ ಮತ್ತು ಹೇಗೆ ಇದ್ದಾನೆ ಎಂಬುದನ್ನೂ ಹೇಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ನಡೆದು ಹೇಳುವ ಕ್ರಮದ ಶಿಖರ ಕಾಳಿದಾಸನದೇ ‘ಮೇಘದೂತ’. ಪೂರ್ವಮೇಘವೆಲ್ಲ ರಾಮಗಿರಿಯಿಂದ ಅಲಕೆಯವರೆಗಿನ ದಾರಿ. ಉತ್ತರಮೇಘದಲ್ಲಿ ಯಕ್ಷ ದೂತನಾದ ಮೋಡಕ್ಕೆ ತನ್ನ ಮನೆಯ ಗುರುತು ಹೇಳುತ್ತಾನೆ. ಕುಬೇರನ ಅರಮನೆಯ ಬಡಗಲಿಗೆ ಮನೆ, ದೂರದಿಂದಲೇ ಕಾಣುವ ಕಾಮನಬಿಲ್ಲಿನಂಥ ತೋರಣ, ಪಕ್ಕದಲ್ಲಿ ಹೆಂಡತಿ ಮಗನಂತೆ ಸಾಕಿದ, ಕೈಗೆಟುಕುವ ಗೊಂಚಲಿನ ಎಳೆಯ ಮಂದಾರ. ಪಚ್ಚೆಯ ಮೆಟ್ಟಿಲಿನ ಕೊಳ, ಅದರ ದಂಡೆಯಲ್ಲಿ ಹೊನ್ನಿನ ಬಾಳೆಗಿಡಗಳು ಸುತ್ತುವರಿದ ಕ್ರೀಡಾಶೈಲ. ಅಲ್ಲೇ ಅಶೋಕ ಮತ್ತು ಬಕುಳ, ಎರಡರ ನಡುವೆ ಸಂಜೆ ಹೊತ್ತು ನವಿಲು ಬಂದು ಕೂರುವ ಹೊನ್ನಿನ ಕೋಲು. ಬಾಗಿಲಿನ ಇಕ್ಕೆಲದಲ್ಲಿ ಬರೆದ ಶಂಖ ಮತ್ತು ಪದ್ಮ. ಇಷ್ಟಾದ ಮೇಲೆ ಮೋಡ ಆನೆಮರಿಯಷ್ಟು ಕಿರಿದಾಗಿ ಕ್ರೀಡಾಶೈಲದ ಮೇಲೆ ಕೂತು, ಮಿಂಚಿನ ಸಣ್ಣ ನೋಟವನ್ನು ಮನೆಯೊಳಕ್ಕೆ ಹಾಯಿಸಬೇಕು. ಆಗ ಅವಳು ಕಾಣುತ್ತಾಳೆ. ಒಂದೊಂದು ವಸ್ತುವೂ ಮೋಡದ ಮುಂದಿನ ಹೆಜ್ಜೆ, ಓದುಗನ ಕಾತರವೂ ಅದೇ ಹೆಜ್ಜೆಯಲ್ಲಿ ಏರುತ್ತದೆ. ಬೇಂದ್ರೆಯವರು ‘ಕನ್ನಡ ಮೇಘದೂತ’ದಲ್ಲಿ ಈ ದಾರಿಯನ್ನು ನಮ್ಮ ಭಾಷೆಯೊಳಕ್ಕೆ ತಂದರು.

ಹೊರಗಿನಿಂದ ಒಳಕ್ಕೆ ಸಾಗುವ ಕ್ರಮಕ್ಕೆ ಜೈನ ಪುರಾಣಗಳಲ್ಲಿ ಬರುವ, ತೀರ್ಥಂಕರನ ಉಪದೇಶಸಭೆಯಾದ ಸಮವಸರಣದ ವರ್ಣನೆ ದೊಡ್ಡ ಉದಾಹರಣೆ. ಧೂಳೀಸಾಲವೆಂಬ ಹೊರಗೋಡೆ, ನಾಲ್ಕು ದಿಕ್ಕಿಗೆ ಮಾನಸ್ತಂಭ, ನೀರಿನ ಅಗಳು, ಹೂತೋಟ, ಪ್ರಾಕಾರಗಳು, ಹನ್ನೆರಡು ಕೋಷ್ಠಗಳು, ನಟ್ಟನಡುವೆ ಗಂಧಕುಟಿ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದ ಹಾದಿಯಲ್ಲಿ ಪಂಪ ‘ಆದಿಪುರಾಣ’ದಲ್ಲಿ (941) ಇದನ್ನು ಕನ್ನಡಿಸಿದ. ಇಲ್ಲಿ ಒಂದೊಂದು ಸುತ್ತು ದಾಟುವುದೂ ಒಂದೊಂದು ಕಲ್ಮಷ ಕಳೆಯುವುದೂ ಜೊತೆಜೊತೆಯಾಗಿ ಆಗಬೇಕು. ಮಾನಸ್ತಂಭವನ್ನು ಕಂಡೊಡನೆ ಅಹಂಕಾರ ಇಳಿಯುತ್ತದೆ ಎಂಬ ನಂಬಿಕೆ ಅದರ ಹೆಸರಿನಲ್ಲೇ ಇದೆ.

ವಿಜಯನಗರವನ್ನು ಕಂಡ ಇಬ್ಬರು ಪರದೇಶಿಗಳು ಎರಡು ಕ್ರಮಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಕೊಟ್ಟಿದ್ದಾರೆ. ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಬಂದ. ಅವನ ವರ್ಣನೆ ಕೋಟೆಯ ಹೊರಗಿಂದ ಹೊರಡುತ್ತದೆ: ಕುದುರೆ ಸವಾರರನ್ನು ತಡೆಯಲು ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಿದ ಬಯಲು, ಆಮೇಲೆ ಒಂದರೊಳಗೊಂದು ಏಳು ಕೋಟೆ. ಮೊದಲ ಮೂರು ಗೋಡೆಗಳ ನಡುವೆ ಹೊಲ, ತೋಟ, ಮನೆ. ಮೂರನೆಯದರಿಂದ ಏಳನೆಯದರವರೆಗೆ ಅಂಗಡಿ, ಬಜಾರು, ಜನಜಂಗುಳಿ. ಕೊನೆಗೆ ಅರಮನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ದೊಮಿಂಗೊ ಪಾಯಸ್ ಊರಿನ ಗಾತ್ರ ಹೇಳಬೇಕಾದಾಗ ಗುಡ್ಡ ಹತ್ತಿದ. ಬೆಟ್ಟಸಾಲುಗಳ ಮರೆಯಿಂದಾಗಿ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮಿನಷ್ಟು ದೊಡ್ಡದಾಗಿ ತೋರಿತು ಎಂದು ಬರೆದ. ರಜಾಕನನ್ನು ಓದಿದರೆ ಊರಿನ ಜೋಡಣೆ ತಿಳಿಯುತ್ತದೆ, ಪಾಯಸನನ್ನು ಓದಿದರೆ ಅದರ ಹರವು.

ಯುರೋಪಿನಲ್ಲಿ ಈ ವಿಷಯ ಶಾಲೆಯ ಪಾಠವಾಗಿ ಬೆಳೆಯಿತು. 4ನೆಯ ಶತಮಾನದ ಅಫ್ಥೋನಿಯಸ್ ತನ್ನ ಗ್ರೀಕ್ ಅಭ್ಯಾಸಪುಸ್ತಕದಲ್ಲಿ ವ್ಯಕ್ತಿಯನ್ನು ತಲೆಯಿಂದ ಕಾಲಿನವರೆಗೆ ವರ್ಣಿಸಬೇಕೆಂದು ವಿಧಿಸಿದ. ಸು. 1200ರಲ್ಲಿ ಜೆಫ್ರಿ ಆಫ್ ವಿನ್ಸಾಫ್ ಅದನ್ನೇ ಲ್ಯಾಟಿನ್ ಕವಿಗಳಿಗೆ ಮಾದರಿ ಮಾಡಿಕೊಟ್ಟ. ಇದೆಲ್ಲ ಸಾಧ್ಯವೇ ಎಂಬ ಮೂಲಪ್ರಶ್ನೆ ಎತ್ತಿದವನು ಜರ್ಮನಿಯ ಲೆಸ್ಸಿಂಗ್. ‘ಲಾವೊಕೂನ್’ (1766) ಗ್ರಂಥದಲ್ಲಿ ಅವನ ವಾದ ಇದು: ಚಿತ್ರಕ್ಕೆ ಒಗ್ಗುವುದು ಒಟ್ಟಿಗೆ ಇರುವ ವಸ್ತುಗಳು, ಕಾವ್ಯಕ್ಕೆ ಒಗ್ಗುವುದು ಒಂದಾದ ಮೇಲೊಂದು ನಡೆಯುವ ಕ್ರಿಯೆಗಳು. ಆಲ್ಪ್ಸ್ ಪರ್ವತದ ಹೂಗಳನ್ನು ದಳದಳವಾಗಿ ಬಣ್ಣಿಸಿದ ಹಾಲರ್ ಕವಿಯನ್ನು ಓದುವಾಗ, ಕೊನೆಯ ದಳಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಹೋಮರ್ ಹಾಗಲ್ಲ, ಅಕಿಲೀಸನ ಗುರಾಣಿಯನ್ನು ಸಿದ್ಧ ವಸ್ತುವಾಗಿ ತೋರಿಸದೆ ಅದನ್ನು ಬಡಿದು ಮಾಡುತ್ತಿರುವ ಕಮ್ಮಾರ ದೇವತೆಯನ್ನು ತೋರಿಸಿದ. ಲೆಸ್ಸಿಂಗನ ಆಕ್ಷೇಪಕ್ಕೆ ತೂಕವಿದೆ. ಪಟ್ಟಿಯಾದ ವರ್ಣನೆ ಸಾಯುತ್ತದೆ ಎನ್ನುವುದು ಓದುವವರೆಲ್ಲರ ಅನುಭವ. ಆದರೆ ಯಕ್ಷನ ಮನೆಯ ದಾರಿ ಅವನ ಕಣ್ಣಿಗೆ ಬಿದ್ದಿದ್ದರೆ ಅವನ ವಾದ ಇಷ್ಟು ಕಟ್ಟುನಿಟ್ಟಾಗಿ ಉಳಿಯುತ್ತಿರಲಿಲ್ಲ. ವಸ್ತುಗಳು ಅಲ್ಲಿ ಅಲುಗುವುದಿಲ್ಲ, ಅವುಗಳ ನಡುವೆ ಹಾಯುವವನು ಅಲುಗುತ್ತಾನೆ.

19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ತನ್ನ ಇಂಗ್ಲಿಷ್ ರಚನಾಪುಸ್ತಕದಲ್ಲಿ (1866) ಮೊದಲು ಇಡೀ ವಸ್ತುವಿನ ನಕ್ಷೆ ಕೊಡಿ, ಬಿಡಿಭಾಗ ಆಮೇಲೆ ಎಂದು ಹೇಳಿದ. ಕಾದಂಬರಿಕಾರರು ಆ ಹೊತ್ತಿಗಾಗಲೇ ಬೇರೆ ದಾರಿ ಹಿಡಿದಿದ್ದರು. ಬಾಲ್ಝಾಕನ ‘ಪೆರ್ ಗೋರಿಯೊ’ (1835) ಪ್ಯಾರಿಸ್ಸಿನ ಬೀದಿಯಿಂದ ವಸತಿಗೃಹದ ತೋಟಕ್ಕೆ, ಅಲ್ಲಿಂದ ಕೋಣೆಗಳಿಗೆ, ಕೊನೆಗೆ ಮನೆಯೊಡತಿಯ ಮುಖಕ್ಕೆ ಬರುತ್ತದೆ. ಆ ಮುಖ ಕಾಣುವಷ್ಟರಲ್ಲಿ ಮನೆಯ ಜಿಡ್ಡು, ವಾಸನೆ ಎಲ್ಲ ಅದರ ಮೇಲೆ ಮೆತ್ತಿಕೊಂಡಿರುತ್ತವೆ. ಕ್ರಮವನ್ನು ಬೇಕೆಂದೇ ಮುರಿದವನು ಝಾರ್ಝ್ ಪೆರೆಕ್. 1978ರ ಅವನ ಕಾದಂಬರಿಯಲ್ಲಿ ಪ್ಯಾರಿಸ್ಸಿನ ಒಂದು ವಸತಿ ಕಟ್ಟಡ ಹತ್ತು ಹತ್ತರ ಚೌಕಮಣೆ. ಚದುರಂಗದ ಕುದುರೆ ನಡೆಯಂತೆ ಕೋಣೆಯಿಂದ ಕೋಣೆಗೆ ಹಾರುತ್ತ 99 ಅಧ್ಯಾಯ ಸಾಗುತ್ತದೆ. ಕುದುರೆ ನಡೆಯ ಒಗಟುಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡಿನವರಿಗೆ ಆ ಆಟದ ರುಚಿ ಬೇಗ ಹತ್ತುತ್ತದೆ.

ಪುರಾತತ್ತ್ವ ಇಲಾಖೆಗಳು ಬಂದ ಮೇಲೆ ಗುಡಿಗಳ ವರ್ಣನೆಗೆ ಕಟ್ಟುನಿಟ್ಟು ಬಂತು. ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಪುಸ್ತಕ ಬರೆದು ಹೊಯ್ಸಳ ಗುಡಿಗಳ ವಿವರಣೆಗೆ ದಾರಿ ಹಾಕಿಕೊಟ್ಟರು. ಅಲ್ಲಿನ ಹೊರಗೋಡೆಯನ್ನು ಬುಡದಿಂದ ಮೇಲಕ್ಕೆ ಓದಬೇಕು: ಆನೆಗಳ ಸಾಲು, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ. ಕಥೆಯ ಪಟ್ಟಿಕೆಯನ್ನಂತೂ ಪ್ರದಕ್ಷಿಣೆ ಹೋಗುತ್ತಲೇ ಓದಬೇಕು. ಗುಡಿ ಕಟ್ಟಿದವರೇ ಹಾಗೆ ಕಂಡರಿಸಿದ್ದಾರೆ.

ಜನ ದಿನನಿತ್ಯದ ಮಾತಿನಲ್ಲಿ ಏನು ಮಾಡುತ್ತಾರೆ ಎಂಬುದನ್ನು ಶಾರ್ಲೆಟ್ ಲಿಂಡೆ ಮತ್ತು ವಿಲಿಯಂ ಲೆಬೊವ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನಿಮ್ಮ ಮನೆ ಹೇಗಿದೆ ಎಂದು ನ್ಯೂಯಾರ್ಕಿನ ನಿವಾಸಿಗಳನ್ನು ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ನಕ್ಷೆಯಂತೆ ಮೇಲಿನಿಂದ ಹೇಳಿದವರು ತೀರ ಕಡಿಮೆ. ಎದುರಿಗಿರುವವನಿಗೆ ಮನೆ ತೋರಿಸಬೇಕೆಂದಾಗ ನಾಲಿಗೆಗೆ ತಾನಾಗಿ ಬರುವುದು ನಡಿಗೆಯೇ.

ಸ್ಥಳಕ್ರಮ ಇಂದು ಅತ್ಯಂತ ಎಚ್ಚರದಿಂದ ಬಳಕೆಯಾಗುವುದು ಕಣ್ಣು ಕಾಣದವರಿಗೆ ವಿವರಿಸುವಾಗ. ತಟ್ಟೆಯನ್ನು ಗಡಿಯಾರದ ಮುಖವೆಂದು ಭಾವಿಸಿ ಹೇಳುವುದು ರೂಢಿಯಲ್ಲಿರುವ ವಿಧಾನ: ನಿಮ್ಮ ಎದೆಯ ಕಡೆಗೆ, ಆರು ಗಂಟೆಗೆ ಅನ್ನ, ಮೂರಕ್ಕೆ ಪಲ್ಯ, ಹನ್ನೆರಡಕ್ಕೆ ಕೋಸಂಬರಿ, ತಟ್ಟೆಯಾಚೆ, ಒಂದು ಗಂಟೆಯ ದಿಕ್ಕಿಗೆ ಒಂದು ಗೇಣು ದೂರದಲ್ಲಿ ನೀರಿನ ಲೋಟ. ಕೇಳಿದವರ ಕೈ ನೇರವಾಗಿ ಲೋಟಕ್ಕೆ ಹೋಗುತ್ತದೆ.