ಕುಡಿತ ಬಿಡಲು ನೆರವಾಗುವ ಸಭೆಗಳು: ಹುಡುಕುವ ಬಗೆ, ಭಾಗವಹಿಸುವ ಬಗೆ



ಪೂಜ್ಯರ ಸನ್ನಿಧಿಯಲ್ಲಿ ಕುಡಿತ ಬಿಡುವುದಾಗಿ ಆಣೆಯಿಟ್ಟು ಹೋಗುವವರನ್ನು ನಾವು ಹಲವು ವರ್ಷಗಳಿಂದ ಕಾಣುತ್ತ ಬಂದಿದ್ದೇವೆ. ಅವರ ಸಂಕಲ್ಪ ಸುಳ್ಳಲ್ಲ. ಆದರೂ ಕೆಲವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಕುಡಿಯುತ್ತಾರೆ. ಆಣೆ ಮುರಿದ ನಾಚಿಕೆಯಿಂದ ಮಠದತ್ತ ಸುಳಿಯುವುದನ್ನೇ ಬಿಡುತ್ತಾರೆ. ನೆರವು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಒಂಟಿಯಾಗುತ್ತಾರೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಊರೂರು ಸಂಚರಿಸಿ, ಜನರಿಂದ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ. ಜೋಳಿಗೆಗೆ ಹಾಕಿದ ಚಟ ಮರಳಿ ಬಾರದಂತೆ ದಿನದಿನವೂ ಕಾಯ್ದುಕೊಳ್ಳಲು ಸಂಗ ಬೇಕು. ಆ ಸಂಗ ದೊರೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

ಹಿನ್ನೆಲೆ

ಇಂತಹ ಸಭೆಗಳಲ್ಲಿ ಹೆಚ್ಚು ಪರಿಚಿತವಾದುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ವ್ಯವಹಾರಸ್ಥರು, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಭೇಟಿಯಾದರು. ಇಬ್ಬರೂ ಕುಡಿತದಿಂದ ಬಳಲಿದವರು. ಒಬ್ಬ ಕುಡುಕನ ಕಷ್ಟವನ್ನು ಮತ್ತೊಬ್ಬನು ಕೇಳಿಸಿಕೊಂಡಾಗ ಇಬ್ಬರಿಗೂ ಬಲ ಬರುತ್ತದೆಂಬುದು ಅವರ ಅನುಭವ. 1957ರಲ್ಲಿ ಎ.ಎ. ಭಾರತದಲ್ಲಿಯೂ ಆರಂಭವಾಯಿತು.

ಮೊದಲು ವೈದ್ಯರು

ಪ್ರತಿದಿನ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸುವುದು ಅಪಾಯಕರ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಬಡಬಡಿಕೆ ಕಾಣಿಸಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಆಣೆಯಿಡುವ ಮುನ್ನವೇ ವೈದ್ಯರನ್ನು ಕಾಣಬೇಕು. ಫಿಟ್ಸ್ ಬಂದರೆ, ಭ್ರಮೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ರೋಗಿಗೆ ತಿಳಿಯದಂತೆ ಊಟದಲ್ಲಿ ‘ಕುಡಿತ ಬಿಡಿಸುವ ಪುಡಿ’ ಬೆರೆಸುವ ರೂಢಿ ಕೆಲವೆಡೆ ಇದೆ. ಅಂತಹ ಔಷಧಿಯ ಮೇಲೆ ಮದ್ಯ ಸೇವಿಸಿದರೆ ಜೀವಕ್ಕೇ ಅಪಾಯವಾಗಬಹುದು. ಇದನ್ನು ಯಾರೂ ಮಾಡಕೂಡದು.

ಸಭೆಯನ್ನು ಹುಡುಕುವುದು

ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಂಖ್ಯೆ 14416. ಇಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಎರಡೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚಿಕಿತ್ಸೆಯ ಜೊತೆಗೆ ಸಮೀಪದ ಸಭೆಯ ಬಗೆಗೂ ವಿಚಾರಿಸಿರಿ. ಎ.ಎ. ಸಂಸ್ಥೆಯೂ ಊರುವಾರು ಮಾಹಿತಿ ನೀಡುತ್ತದೆ. ಸಭೆ ಕನ್ನಡದಲ್ಲಿ ನಡೆಯುತ್ತದೆಯೇ, ‘ಮುಕ್ತ ಸಭೆ’ಯೋ ‘ಮುಚ್ಚಿದ ಸಭೆ’ಯೋ ಎಂದು ಮೊದಲೇ ಕೇಳಿರಿ. ಮುಕ್ತ ಸಭೆಗೆ ಮನೆಯವರೂ ಬರಬಹುದು. ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ದೂರದ ಹಳ್ಳಿಗಳವರಿಗೆ, ಪರದೇಶದಲ್ಲಿರುವ ಭಕ್ತರಿಗೆ ಆನ್‌ಲೈನ್ ಸಭೆಗಳಿವೆ.

ಮೊದಲ ದಿನ

ಶುಲ್ಕವಿಲ್ಲ, ನೋಂದಣಿಯಿಲ್ಲ. ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಹೆಸರು ಹೇಳಿದರೆ ಸಾಕು. ಮನೆತನ, ಜಾತಿ, ಉದ್ಯೋಗ ಯಾರಿಗೂ ಬೇಡ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ. ಮಾತನಾಡಲು ಮನಸ್ಸಾಗದಿದ್ದರೆ ಸುಮ್ಮನೆ ಕೇಳಬಹುದು. ಕೊನೆಗೆ ಸದಸ್ಯರು ಖರ್ಚಿಗೆಂದು ತೋಚಿದಷ್ಟು ಹಣ ಹಾಕುತ್ತಾರೆ, ಹೊಸಬರು ಕೊಡಬೇಕಾಗಿಲ್ಲ. ಒಂದೇ ಸಭೆಯಿಂದ ತೀರ್ಮಾನಕ್ಕೆ ಬಾರದೆ ಕೆಲವು ಸಭೆಗಳಿಗೆ ಹೋಗಿ ನೋಡಿರಿ. ಹಿರಿಯ ಸದಸ್ಯರೊಬ್ಬರ ದೂರವಾಣಿ ಸಂಖ್ಯೆ ಕೇಳಿ ಪಡೆಯಿರಿ. ಕುಡಿಯಬೇಕೆನಿಸಿದ ಗಳಿಗೆಯಲ್ಲಿ ಆ ಒಂದು ಕರೆ ಉಪಕಾರಿಯಾಗುತ್ತದೆ.

ಚರ್ಚಿನ ಕೊಠಡಿಯಲ್ಲಿ ಸಭೆ ನಡೆದರೆ ಹೋಗಬಹುದೇ ಎಂದು ಕೆಲವು ಭಕ್ತರು ನಮ್ಮನ್ನು ಕೇಳುವುದುಂಟು. ಎ.ಎ. ಯಾವ ಮತಕ್ಕೂ ಸೇರಿದುದಲ್ಲ. ಅಲ್ಲಿ ದೇವರ ಮಾತು ಬರುತ್ತದೆ, ಆದರೆ ದೇವರನ್ನು ಅವರವರು ತಿಳಿದಂತೆ ಭಾವಿಸಬಹುದು. ಇಷ್ಟಲಿಂಗ ಪೂಜೆಗೆ ಅದರಿಂದ ಅಡ್ಡಿಯಿಲ್ಲ.

ಮನೆಯವರಿಗೆ

ಕುಡಿಯುವವರ ಮಡದಿ, ತಾಯಿತಂದೆ, ಮಕ್ಕಳಿಗಾಗಿ 1951ರಲ್ಲಿ ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಅವರೂ ಸೇರಿ ಕಟ್ಟಿದ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಕುಡಿಯುವವರು ಸಭೆಗೆ ಒಪ್ಪದಿದ್ದರೂ ಮನೆಯವರು ಇಲ್ಲಿಗೆ ಹೋಗಬಹುದು. ಅವರ ಕುಡಿತಕ್ಕೆ ನೀವು ಕಾರಣರಲ್ಲವೆಂದು ಅಲ್ಲಿ ತಿಳಿಯುತ್ತದೆ. ಆ ಒಂದು ಅರಿವಿನಿಂದಲೇ ಎಷ್ಟೋ ತಾಯಂದಿರ ಎದೆಯ ಭಾರ ಇಳಿಯುತ್ತದೆ.

ಮತ್ತೆ ಕುಡಿದರೆ

ಮತ್ತೆ ಕುಡಿದವರನ್ನು ಸಭೆ ಹೊರಗೆ ಹಾಕುವುದಿಲ್ಲ, ಮರುದಿನವೇ ಬನ್ನಿರೆನ್ನುತ್ತದೆ. ಮಠದ ಮಾತೂ ಅದೇ. ಆಣೆ ತಪ್ಪಿತೆಂದು ದೂರವಾಗಿರುವ ಶರಣರಿದ್ದರೆ ಅವರಿಗೆ ಈ ಬರಹವನ್ನು ತಲುಪಿಸಿರಿ, ಮೊದಲ ದಿನ ಸಭೆಯ ಬಾಗಿಲವರೆಗೆ ಜೊತೆಯಲ್ಲಿ ನಡೆಯಿರಿ. ಮಠದ ಬಾಗಿಲು ಅವರಿಗೆ ಎಂದಿನಂತೆ ತೆರೆದಿದೆ.