ಗಿಲಕಿಯಿಂದ ಅಳಗುಳಿ ಮಣೆಯವರೆಗೆ

ಬೆಂಗಳೂರು–ಮೈಸೂರು ಹಾದಿಯಲ್ಲಿದೆ ಗೊಂಬೆಗಳ ಊರು ಚನ್ನಪಟ್ಟಣ.

ಅಲ್ಲಿನ ಕುಶಲಕರ್ಮಿ ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ಉಳಿಯಿಂದ ಕಡೆದು ರೂಪ ಕೊಡುತ್ತಾನೆ. ತಿರುಗುತ್ತಿರುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳನ್ನು ಬಳಸಿದ್ದರಂತೂ ಬಹಳ ಒಳ್ಳೆಯದು. ಎಳೆಗೂಸು ಕೈಗೆ ಸಿಕ್ಕಿದ್ದನ್ನೆಲ್ಲ ಮೊದಲು ಬಾಯಿಗಿಟ್ಟೇ ಅರಿಯುತ್ತದಲ್ಲ!

ಗಿಲಕಿ ಅಲ್ಲಾಡಿಸುವ ಮಗು ಸದ್ದು ಬಂದ ಕಡೆ ಕತ್ತು ಹೊರಳಿಸುತ್ತದೆ. ತನ್ನ ಕೈಯೇ ಆ ಸದ್ದಿಗೆ ಕಾರಣವೆಂದು ಮೆಲ್ಲಗೆ ಕಂಡುಕೊಳ್ಳುತ್ತದೆ. ಬಳೆಗಳನ್ನು ಕಡ್ಡಿಗೆ ಪೋಣಿಸುವಾಗ ಕಣ್ಣು, ಬೆರಳು ಕೂಡಿ ಕೆಲಸ ಮಾಡುತ್ತವೆ. ದಾರ ಕಟ್ಟಿದ ಗಾಡಿ ಎಳೆಯುತ್ತ ಹೆಜ್ಜೆ ಗಟ್ಟಿಯಾಗುತ್ತದೆ. ಸ್ವಲ್ಪ ದೊಡ್ಡವರಿಗೆ ಏಳೇಳು ಗುಳಿಗಳ ಎರಡು ಸಾಲಿನ ಅಳಗುಳಿ ಮಣೆ: ಹುಣಸೆ ಬೀಜ ಹಂಚುತ್ತ ಎಣಿಕೆ, ಮುಂದಾಲೋಚನೆ, ಎದುರಾಳಿಯ ಸರದಿಗೆ ಕಾಯುವ ತಾಳ್ಮೆ ಎಲ್ಲವೂ ಬರುತ್ತವೆ. ಗುಂಡಿ ಒತ್ತಿದರೆ ತಾನೇ ಕುಣಿಯುವ ಗೊಂಬೆಗಿಂತ, ಮಗುವೇ ಕುಣಿಸಬೇಕಾದ ಗೊಂಬೆ ಮೇಲು.

ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಿದೆ. ಕೊಳ್ಳುವಾಗ ಬಣ್ಣ ಯಾವುದೆಂದು ಕೇಳಿ; ಪುಟ್ಟ ಮಕ್ಕಳಿಗೆ ಬಿಡಿ ಚೂರುಗಳಿರುವುದನ್ನು ಕೊಡಬೇಡಿ; ಕೊಟ್ಟ ಮೇಲೆ ಅವರ ಜೊತೆ ನೀವೂ ಕೂತು ಆಡಿ.